ನಿಂತು ಕೆಟ್ಟ ಮೋಟರ್‌ಸೈಕಲ್ಲನ್ನು ಮತ್ತೆ ನಡೆಸುವ ಕ್ರಮ

ಹತ್ತು ವರ್ಷ ಹಿತ್ತಲಿನ ತಗಡಿನ ಚಾವಣಿಯ ಕೆಳಗೆ ನಿಂತಿದ್ದ ಮೋಟರ್‌ಸೈಕಲ್ಲನ್ನು ಅಂಗಳಕ್ಕೆ ತಂದವರು ಧೂಳು ಕೂಡ ಒರೆಸದೆ ಮಾಡುವ ಮೊದಲ ಕೆಲಸವೆಂದರೆ ಕಿಕ್ ಹೊಡೆಯುವುದು. ಮೊದಲ ದಿನ ಮಾಡಲೇಬಾರದ ಕೆಲಸವೂ ಅದೇ. ಧಾರವಾಡದ ಮನೆಯಲ್ಲಿ 11 ವರ್ಷ ನಿಂತಿದ್ದ ನಮ್ಮ ಕಾಕಾ ಅವರ ಯೆಜ್ದಿ ರೋಡ್‌ಕಿಂಗನ್ನು ಹುಬ್ಬಳ್ಳಿಗೆ ತಂದ ಸಂಜೆ ನಾವು ಮೂವರು ಸರದಿಯ ಮೇಲೆ ಕಿಕ್ ಹೊಡೆದೆವು. ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿದ್ದ ಪಿಸ್ಟನ್ ರಿಂಗ್ ಮುರಿದು, ಅದರ ತುಂಡು ಗೋಡೆಯುದ್ದಕ್ಕೂ ಗೀರಿತು. ಹೀಗಾಗಿ ಲೇತ್ ಅಂಗಡಿಯಲ್ಲಿ ಸಿಲಿಂಡರನ್ನು ಕೊರೆಸಿ ಅಗಲಗೊಳಿಸಿ (ಬೋರ್ ಮಾಡಿಸಿ) ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕಾಯಿತು. ಅದಾದ ಮೇಲೆ ಹಾವೇರಿ ಕಡೆಯ ಸಂಬಂಧಿಕರ ಹೀರೋ ಹೋಂಡಾ ಸ್ಪ್ಲೆಂಡರ್ ಒಂದನ್ನು ಕ್ರಮ ತಪ್ಪದೆ ಮಾಡಿದಾಗ, ಎಂಜಿನ್ ಬಿಚ್ಚದೆಯೇ ಮೂರು ಭಾನುವಾರಗಳಲ್ಲಿ ಗಾಡಿ ಓಡಿತು. ಈ ಬರಹದಲ್ಲಿರುವುದು ಆ ಎರಡನೆಯ ಗಾಡಿಯ ಕ್ರಮ. ಮೊದಲನೆಯ ಗಾಡಿಯಿಂದ ಕಲಿತ ಎಚ್ಚರಗಳನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಓಡಿ ಸವೆದ ಗಾಡಿಗೂ ನಿಂತು ಕೆಟ್ಟ ಗಾಡಿಗೂ ರೋಗ ಒಂದೇ ಅಲ್ಲ. ಓಡುವ ಗಾಡಿಯಲ್ಲಿ ಸವೆಯುವುದು ಲೋಹ: ಪಿಸ್ಟನ್, ಬೇರಿಂಗ್, ಚೈನು, ಗೇರಿನ ಹಲ್ಲು. ನಿಂತ ಗಾಡಿಯಲ್ಲಿ ಲೋಹ ಬಹುಮಟ್ಟಿಗೆ ಹಾಗೆಯೇ ಉಳಿದು, ಪೆಟ್ರೋಲು ಅಂಟಾಗುತ್ತದೆ, ರಬ್ಬರು ಒಣಗಿ ಸೀಳುತ್ತದೆ, ಬ್ಯಾಟರಿ ಸಾಯುತ್ತದೆ, ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಆದ್ದರಿಂದ ಎಂಜಿನ್ ಬಿಚ್ಚುವುದು ಕೊನೆಯ ಉಪಾಯವಾಗಬೇಕೇ ಹೊರತು ಆರಂಭವಾಗಬಾರದು. ಬಣ್ಣ ಹೊಡೆಸುವುದು ಅದಕ್ಕೂ ಆಮೇಲಿನ ಮಾತು.

ಮೊದಲು ಕಾಗದ

ಪಾನಾ ಕೈಗೆತ್ತಿಕೊಳ್ಳುವ ಮೊದಲು ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳ ಮೇಲಿನ ಜಿಡ್ಡನ್ನು ಒರೆಸಿ, ಆರ್‌ಸಿ ಪುಸ್ತಕದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಅವು ತಾಳೆಯಾಗದಿದ್ದರೆ ಆ ಗಾಡಿಗೆ ಒಂದು ರೂಪಾಯಿಯನ್ನೂ ಹಾಕಬಾರದು. ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಪರಿಶೀಲನೆಗೆ ಒಪ್ಪಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಮೂನೆ 31, ಆರ್‌ಸಿ ಕಳೆದಿದ್ದರೆ ನಕಲು ಪಡೆಯಲು ನಮೂನೆ 26 ಇವೆ. ಧಾರವಾಡದ್ದು ಕೆಎ-25, ಗದಗಿನದ್ದು ಕೆಎ-26, ಹಾವೇರಿಯದ್ದು ಕೆಎ-27, ಹುಬ್ಬಳ್ಳಿಯದ್ದು ಕೆಎ-63. ಫಲಕದ ಮೇಲೆ ಈ ಸರಣಿ ಬರುವುದಕ್ಕೂ ಮುಂಚಿನ ಎಂವೈ ಅಥವಾ ಸಿಎ ಅಕ್ಷರಗಳಿದ್ದರೆ, ಗಾಡಿಯ ದಾಖಲೆ ಗಣಕೀಕೃತ ವ್ಯವಸ್ಥೆಗೆ ಸೇರಿದೆಯೇ ಎಂಬುದನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯ. ಮೂರನೆಯ ವ್ಯಕ್ತಿಯ (ಥರ್ಡ್ ಪಾರ್ಟಿ) ವಿಮೆ ಇಲ್ಲದೆ, ಪರೀಕ್ಷೆಗೆಂದು ಕೂಡ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ.

ಗಾಡಿ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆ

ಎಷ್ಟು ವರ್ಷ ನಿಂತಿತ್ತು ಎಂಬುದಕ್ಕಿಂತ ಎಲ್ಲಿ ನಿಂತಿತ್ತು ಎಂಬುದು ಹೆಚ್ಚು ಹೇಳುತ್ತದೆ. ಧಾರವಾಡದ ಮಳೆಗಾಲದ ತೇವದಲ್ಲಿ ನಿಂತ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಗದಗಿನ ಒಣ ಹವೆಯಲ್ಲಿ ನಿಂತದ್ದಕ್ಕೆ ತುಕ್ಕು ಕಡಿಮೆ, ಆದರೆ ಎರೆಮಣ್ಣಿನ ನುಣುಪಾದ ಧೂಳು ಕೇಬಲ್ಲುಗಳ ಒಳಗೂ ಬ್ರೇಕ್ ಡ್ರಮ್ಮಿನ ಒಳಗೂ ಸೇರಿಕೊಂಡಿರುತ್ತದೆ. ಹಳ್ಳಿಯ ಮನೆಗಳಲ್ಲಿ ಗಾಡಿಯನ್ನು ಗೊಬ್ಬರದ ಚೀಲಗಳ ಪಕ್ಕದಲ್ಲಿ ನಿಲ್ಲಿಸುವ ರೂಢಿಯಿದೆ. ರಸಗೊಬ್ಬರ ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುವುದರಿಂದ ಅಂತಹ ಗಾಡಿಯ ಕಡ್ಡಿಗಳನ್ನೂ ರಿಮ್ಮನ್ನೂ ಚೌಕಟ್ಟಿನ ಕೆಳಭಾಗವನ್ನೂ ವಿಶೇಷವಾಗಿ ಪರೀಕ್ಷಿಸಬೇಕು. ಹಾವೇರಿಯ ಆ ಸ್ಪ್ಲೆಂಡರಿನ ಗೊಬ್ಬರದ ಕಡೆಯ ಕಡ್ಡಿಗಳಲ್ಲಿ ಏಳು, ಪಾನಾದಿಂದ ತಟ್ಟಿದ ಕೂಡಲೇ ಮುರಿದವು. ಇನ್ನೊಂದು ಬದಿಯವು ಗಟ್ಟಿಯಾಗಿದ್ದವು.

ಆಮೇಲೆ ಪ್ರಾಣಿಗಳ ಸರದಿ. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿರಬಹುದು, ಸೈಲೆನ್ಸರಿನ ತುದಿಯಲ್ಲಿ ಕಣಜ ಮಣ್ಣು ಮೆತ್ತಿರಬಹುದು, ಸೀಟಿನ ಕೆಳಗಿನ ವೈರುಗಳ ಹೊದಿಕೆಯನ್ನು ಇಲಿ ಕಡಿದಿರಬಹುದು. ಸ್ಪಂಜಿನ ಫಿಲ್ಟರು ಹಳೆಯದಾದಾಗ ಮುಟ್ಟಿದರೆ ಪುಡಿಯಾಗುತ್ತದೆ, ಆ ಪುಡಿ ನೇರವಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಹೋಗುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಅದನ್ನು ಬದಲಿಸಿಬಿಡಿ.

ಎಂಜಿನ್ ತಿರುಗುತ್ತದೆಯೇ

ಸ್ಪಾರ್ಕ್ ಪ್ಲಗ್ಗಿನ ಸುತ್ತ ಕೂತ ಮಣ್ಣನ್ನು ಬ್ರಷ್ಷಿನಿಂದ ಪೂರ್ತಿ ತೆಗೆದ ಮೇಲೆಯೇ ಪ್ಲಗ್ಗನ್ನು ಬಿಚ್ಚಬೇಕು. ಇಲ್ಲವಾದರೆ ಆ ಮಣ್ಣು ಸಿಲಿಂಡರಿನೊಳಗೆ ಬೀಳುತ್ತದೆ. ಪ್ಲಗ್ಗಿನ ರಂಧ್ರದಿಂದ ಎರಡು ಮೂರು ಚಮಚ ತೆಳುವಾದ ಎಂಜಿನ್ ಎಣ್ಣೆ ಬಿಟ್ಟು, ರಂಧ್ರಕ್ಕೆ ಬಟ್ಟೆ ಮುಚ್ಚಿ ಒಂದು ರಾತ್ರಿ ಹಾಗೆಯೇ ಬಿಡಬೇಕು. ಮರುದಿನ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಟಾಪ್ ಗೇರಿಗೆ ತಂದು, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ಅಲುಗಿಸಬೇಕು. ಕಿಕ್ಕರಿನ ಮೇಲೆ ಇಡೀ ಮೈಭಾರ ಬೀಳುವುದರಿಂದ ಒಳಗೆ ಏನು ಅಡ್ಡ ಬರುತ್ತಿದೆ ಎಂಬುದು ತಿಳಿಯುವುದೇ ಇಲ್ಲ; ಚಕ್ರದ ಮೂಲಕವಾದರೆ ಅಂಗೈಗೆ ತಿಳಿಯುತ್ತದೆ. ಚಕ್ರ ಸ್ವಲ್ಪವೂ ಅಲುಗದಿದ್ದರೆ ಡೀಸೆಲ್ ಮತ್ತು ಎಣ್ಣೆಯನ್ನು ಸಮಪ್ರಮಾಣದಲ್ಲಿ ಬೆರೆಸಿ ಬಿಟ್ಟು ಮೂರು ನಾಲ್ಕು ದಿನ ಕಾಯಬೇಕು, ದಿನಕ್ಕೊಮ್ಮೆ ಅಲುಗಿಸಿ ನೋಡಬೇಕು. ವಾರವಾದರೂ ಬಿಡದಿದ್ದರೆ ಮಾತ್ರ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಬಿಚ್ಚುವ ಮಾತು. ನನ್ನ ರೋಡ್‌ಕಿಂಗಿನ ಮುರಿದ ರಿಂಗನ್ನು ಅಂಗೈ ಮೇಲಿಟ್ಟು ನೋಡಿದ ಹಳೆಯ ಮೆಕ್ಯಾನಿಕ್ ಒಬ್ಬರು, "ಗಾಡಿ ಎಲ್ಲೀ ಓಡಿ ಹೋಗತಿದ್ದಿಲ್ಲರೀ, ಎಂಟು ದಿನ ಬಿಡಬೇಕಾಗಿತ್ತು" ಎಂದಷ್ಟೇ ಹೇಳಿದರು.

ಸ್ಪ್ಲೆಂಡರಿನಂತಹ ನಾಲ್ಕು ಸ್ಟ್ರೋಕಿನ ಗಾಡಿಯಾದರೆ ಹಳೆಯ ಎಂಜಿನ್ ಎಣ್ಣೆಯನ್ನು ಪೂರ್ತಿ ಇಳಿಸಿ ಅದರ ಬಣ್ಣ ನೋಡಬೇಕು. ಕಪ್ಪಗಿದ್ದರೆ ಚಿಂತೆಯಿಲ್ಲ, ಮಜ್ಜಿಗೆಯಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ. ಹೊಸ ಎಣ್ಣೆ ತುಂಬಿ, ಗಾಡಿ ಮೊದಲ ಬಾರಿಗೆ ಹದಿನೈದು ನಿಮಿಷ ನಡೆದ ಮೇಲೆ ಅದನ್ನೂ ಇಳಿಸಿ ಮತ್ತೆ ತುಂಬುವುದು ದುಂದುವೆಚ್ಚವೆನಿಸಿದರೂ ಮಾಡತಕ್ಕ ಕೆಲಸವೇ. ಎಂಜಿನ್ನಿನ ಮೇಲ್ತುದಿಯ ಟ್ಯಾಪೆಟ್ ಮುಚ್ಚಳಗಳನ್ನು ತೆಗೆದು, ವಾಲ್ವುಗಳನ್ನು ತೆರೆಯುವ ಕ್ಯಾಮಿನ ಮೇಲೆ ಒಂದೆರಡು ಚಮಚ ಎಣ್ಣೆ ಹನಿಸುವುದನ್ನು ಮರೆಯಬಾರದು. ವರ್ಷಗಟ್ಟಲೆ ನಿಂತ ಎಂಜಿನ್ನಿನ ಎಣ್ಣೆಯೆಲ್ಲ ತಳಕ್ಕೆ ಇಳಿದು ಮೇಲಿನ ಭಾಗ ಒಣಗಿರುತ್ತದೆ. ಪಂಪು ಅಲ್ಲಿಗೆ ಎಣ್ಣೆ ತಲುಪಿಸುವ ಮೊದಲಿನ ಕೆಲವು ಕ್ಷಣಗಳಲ್ಲಿ ಕ್ಯಾಮು ಸವೆಯುತ್ತದೆ.

ಯೆಜ್ದಿ, ರಾಜದೂತ್, ಆರ್‌ಎಕ್ಸ್ 100 ಮೊದಲಾದ ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಕ್ಯಾಮಿಲ್ಲ, ಅದು ತೆರೆಯುವ ವಾಲ್ವುಗಳಿಲ್ಲ. ಬದಲಾಗಿ, ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳಿವೆ. ನಿಂತ ಎರಡು ಸ್ಟ್ರೋಕ್ ಗಾಡಿಯ ಭವಿಷ್ಯ ಬಹುತೇಕ ಈ ಎರಡು ರಬ್ಬರ್ ಉಂಗುರಗಳ ಕೈಯಲ್ಲಿರುತ್ತದೆ. ಕ್ಲಚ್ ಬದಿಯ ಸೀಲು ಒಣಗಿ ಸೋತರೆ ಗೇರ್ ಎಣ್ಣೆ ಕ್ರ್ಯಾಂಕ್ ಕೋಣೆಗೆ ನುಗ್ಗಿ ಉರಿಯುತ್ತದೆ, ಬಿಳಿಯ ದಟ್ಟ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಎಣ್ಣೆಯ ಮಟ್ಟ ಇಳಿಯುತ್ತ ಹೋಗುತ್ತದೆ. ಇದು ಕಣ್ಣಿಗೆ ಕಾಣುವ ದೋಷ. ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ ಇರುವ ಬದಿಯ ಸೀಲು ಸೋತರೆ ಹೊಗೆಯೇನೂ ಕಾಣದು. ಅಲ್ಲಿಂದ ಗಾಳಿ ಒಳಗೆ ಎಳೆದುಕೊಂಡು ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ತಾನೇ ಏರುತ್ತದೆ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಐದಾರು ವರ್ಷಕ್ಕಿಂತ ಹೆಚ್ಚು ನಿಂತ ಗಾಡಿಯಲ್ಲಿ ಈ ಸೀಲುಗಳನ್ನು ಅನುಮಾನದಿಂದಲೇ ನೋಡಬೇಕೆಂಬುದು ನನ್ನ ಅಭಿಪ್ರಾಯ. ಸೀಲಿನ ಬೆಲೆ ಕಡಿಮೆ, ಪಿಸ್ಟನ್ನಿನ ಬೆಲೆ ಹೆಚ್ಚು.

ಪೆಟ್ರೋಲಿನ ದಾರಿ

ಅರ್ಧಕ್ಕಿಂತ ಹೆಚ್ಚು ಸಮಯ ಹೋಗುವುದು ಇಲ್ಲಿಯೇ, ಹೋಗಬೇಕಾದದ್ದೂ ಇಲ್ಲಿಯೇ. ಹಳೆಯ ಪೆಟ್ರೋಲಿಗೆ ತನ್ನ ಚುರುಕು ವಾಸನೆ ಹೋಗಿ ವಾರ್ನಿಷ್‌ನಂತಹ ಹುಳಿ ವಾಸನೆ ಬಂದಿರುತ್ತದೆ. ಅದರಲ್ಲಿ ಹೊಸ ಪೆಟ್ರೋಲ್ ಬೆರೆಸಿ ಓಡಿಸಲು ಯತ್ನಿಸಬಾರದು. ಪೂರ್ತಿ ಇಳಿಸಿ, ಡಬ್ಬಿಗೆ ತುಂಬಿ, ಕೆಟ್ಟ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಗಟಾರಕ್ಕೂ ಗಿಡದ ಬುಡಕ್ಕೂ ಸುರಿಯಬಾರದು.

ಟ್ಯಾಂಕನ್ನು ಗಾಡಿಯಿಂದ ಬಿಚ್ಚಿ, ಪೆಟ್ರೋಲ್ ಕಾಕನ್ನು ತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಂದು ಪುಡಿ ಕಂಡರೆ ತುಕ್ಕು ತೆಗೆಯಲೇಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಹಾಕುವವರಿದ್ದಾರೆ; ಅದು ತುಕ್ಕಿನೊಂದಿಗೆ ತಗಡನ್ನೂ ತಿಂದು, ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯ ತೂತುಗಳನ್ನು ಮಾಡುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಮೊದಲು ಟ್ಯಾಂಕಿನಲ್ಲಿ ಪೆಟ್ರೋಲಿನ ಜಿಡ್ಡು ಉಳಿಯದಂತೆ ಸಾಬೂನು ನೀರಿನಿಂದ ಎರಡು ಬಾರಿ ತೊಳೆದು, ಕಾಕಿನ ರಂಧ್ರವನ್ನು ರಬ್ಬರಿನಿಂದ ಬಿಗಿಯಾಗಿ ಮುಚ್ಚಿ, ಲೀಟರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು ಕರಗಿಸಿದ ಬಿಸಿನೀರನ್ನು ಕಂಠದವರೆಗೆ ತುಂಬಬೇಕು. ಕಂಠದವರೆಗೆ ಏಕೆಂದರೆ ಹೆಚ್ಚು ತುಕ್ಕು ಹಿಡಿಯುವುದು ಪೆಟ್ರೋಲ್ ಮುಟ್ಟದ ಮೇಲ್ಭಾಗಕ್ಕೆ. ಒಂದು ಹಗಲು ಒಂದು ರಾತ್ರಿ ಬಿಟ್ಟು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರಿಯ ನೀರಿನಿಂದ ಎರಡು ಬಾರಿ ತೊಳೆದ ಮೇಲೆ, ತಡಮಾಡದೆ ಒಣಗಿಸಬೇಕು. ತುಕ್ಕು ಕಳೆದ ಬೆತ್ತಲೆ ತಗಡು ತೇವದಲ್ಲಿ ಒಂದು ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಆ ಕಾರಣಕ್ಕೆ ಟ್ಯಾಂಕಿನ ಕೆಲಸವನ್ನು ಮಾರ್ಚ್‌ನಿಂದ ಮೇ ತಿಂಗಳೊಳಗೆ ಮಾಡಿ. ನಮ್ಮ ಕಡೆಯ ಬೇಸಿಗೆಯ ಬಿಸಿಲಿಗಿಂತ ಒಳ್ಳೆಯ ಒಣಗಿಸುವ ಯಂತ್ರವಿಲ್ಲ. ಒಣಗಿದ ಕೂಡಲೇ ಸ್ವಲ್ಪ ಪೆಟ್ರೋಲಿಗೆ ಎರಡು ಸ್ಟ್ರೋಕಿನ ಎಣ್ಣೆ ಬೆರೆಸಿ ಒಳಗೆಲ್ಲ ಆಡಿಸಿದರೆ ಗೋಡೆಗೆ ಪೊರೆ ಕಟ್ಟಿಕೊಳ್ಳುತ್ತದೆ. ಟ್ಯಾಂಕು ಸೋರುತ್ತಿದ್ದರೆ, ಖಾಲಿಯಾಗಿದೆಯೆಂದು ನಂಬಿ ವೆಲ್ಡಿಂಗ್‌ಗೆ ಕೊಡಬಾರದು: ತುಂಬಿದ ಟ್ಯಾಂಕಿಗಿಂತ ಪೆಟ್ರೋಲಿನ ಆವಿ ಉಳಿದ ಖಾಲಿ ಟ್ಯಾಂಕೇ ಸಿಡಿಯುವುದು ಸುಲಭ. ಈ ಕೆಲಸದ ಅಪಾಯ ಬಲ್ಲವರ ಕೈಗಷ್ಟೇ ಅದನ್ನು ಕೊಡಬೇಕು.

ಪೆಟ್ರೋಲಿನ ನಳಿಕೆ, ಕಾಕಿನ ವಾಶರು, ಕಾರ್ಬ್ಯುರೇಟರಿನ ಓ-ರಿಂಗು, ಫ್ಲೋಟ್ ನೀಡಲ್ ಇವನ್ನೆಲ್ಲ ಹೊಸದಾಗಿ ಹಾಕಬೇಕು. ಇದಕ್ಕೆ ಹಳತಾಗಿರುವುದಷ್ಟೇ ಕಾರಣವಲ್ಲ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಆಮೇಲೆ ದೇಶದ ಬಂಕುಗಳಿಗೆಲ್ಲ ಹರಡಿತು. ಎಂಬತ್ತು ತೊಂಬತ್ತರ ದಶಕದ ಗಾಡಿಗಳ ರಬ್ಬರು ಅದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ಅಂತಹ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಜೊತೆಗೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಎಥೆನಾಲ್ ತಾಳುವ ನಳಿಕೆಯನ್ನೇ ಕೇಳಿ ಪಡೆಯಬೇಕು, ವಾರಕ್ಕೊಮ್ಮೆ ಓಡಿಸುವ ಗಾಡಿಗೆ ಟ್ಯಾಂಕು ತುಂಬ ಪೆಟ್ರೋಲ್ ಹಾಕಿಡಬಾರದು.

ಕಾರ್ಬ್ಯುರೇಟರ್ ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ; ಗಾಳಿಯ ಸ್ಕ್ರೂ ಎಷ್ಟು ಸುತ್ತು ತೆರೆದಿತ್ತು ಎಂಬುದನ್ನು ಬರೆದಿಡಿ. ಬಟ್ಟಲಿನಲ್ಲಿ ಹಸಿರು ಅಥವಾ ಕಂದು ಅಂಟು ಕೂತಿರುತ್ತದೆ. ಒಳಗೆ ಪೆಟ್ರೋಲ್ ಹಾಯುವ ರಂಧ್ರವಿರುವ ಹಿತ್ತಾಳೆಯ ಸಣ್ಣ ಸ್ಕ್ರೂಗಳೇ ಜೆಟ್ಟುಗಳು. ಮೇನ್ ಜೆಟ್ ಕಣ್ಣಿಗೆ ಹಿಡಿದರೆ ಬೆಳಕು ಕಾಣುತ್ತದೆ. ನಿಧಾನ ವೇಗದಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ರಂಧ್ರ ಕೂದಲೆಳೆಯಷ್ಟಿರುವುದರಿಂದ ಮೊದಲು ಮುಚ್ಚುವುದು ಅದೇ. ಚೋಕ್ ಎಳೆದಾಗ ಮಾತ್ರ ನಡೆದು, ಬಿಟ್ಟ ಕೂಡಲೇ ನಿಲ್ಲುವ ಗಾಡಿಯಲ್ಲಿ ದೋಷ ಬಹುತೇಕ ಇಲ್ಲಿಯೇ ಇರುತ್ತದೆ. ಉಕ್ಕಿನ ತಂತಿ ಅಥವಾ ಸೂಜಿ ತೂರಿಸಿದರೆ ಹಿತ್ತಾಳೆಯ ರಂಧ್ರ ಅಗಲವಾಗಿ ಜೆಟ್ಟು ಶಾಶ್ವತವಾಗಿ ಕೆಡುತ್ತದೆ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ಒಂದು ರಾತ್ರಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿ, ಆಗಲೂ ತೆರೆಯದಿದ್ದರೆ ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ಬಳಸಬಹುದು.

ಕಿಡಿ

ವಿದ್ಯುತ್ತಿನ ಕೆಲಸ ಕೇಳಿದಷ್ಟು ಕಷ್ಟವಲ್ಲ. ವರ್ಷಗಟ್ಟಲೆ ಬರಿದಾಗಿ ನಿಂತ ಬ್ಯಾಟರಿ ಮತ್ತೆ ಏಳುವುದು ಅಪರೂಪ, ಅದಕ್ಕಾಗಿ ಒದ್ದಾಡದೆ ಹೊಸದನ್ನು ತರಬೇಕು. ಆದರೆ ಹಳೆಯ ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ಎಂದು ನೋಡಿಕೊಂಡೇ ಅಂಗಡಿಗೆ ಹೋಗಬೇಕು. ಕಿಡಿಯ ಹೊತ್ತಿಗೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚಾದ ಪಾಯಿಂಟ್ ಇರುವ ಹಳೆಯ ಗಾಡಿಗಳಲ್ಲಿ ಅದರ ಎರಡು ಮುಖಗಳ ಮೇಲೆ ಬೂದು ಪೊರೆ ಕಟ್ಟಿರುತ್ತದೆ. ನುಣುಪಾದ ಪಾಲಿಶ್ ಕಾಗದದಿಂದ ಹಗುರವಾಗಿ ಉಜ್ಜಿ, 0.4 ಮಿಲಿಮೀಟರಿನಷ್ಟು ಅಂತರ ಇಟ್ಟರೆ ಹೆಚ್ಚಿನವು ಕಿಡಿ ಕೊಡುತ್ತವೆ. ಹೊಸ ಪ್ಲಗ್ಗನ್ನು ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಒತ್ತಿಟ್ಟು, ಟ್ಯಾಂಕು ಹತ್ತಿರವಿಲ್ಲದಿರುವಾಗ, ನೆರಳಿನಲ್ಲಿ ಕಿಕ್ಕರನ್ನು ಕೈಯಿಂದ ಒತ್ತಿ ನೋಡಿ. ಕಿಡಿ ನೀಲಿಯಾಗಿ, ಸದ್ದು ಮಾಡುವಂತಿರಬೇಕು. ಹಳದಿಯಾಗಿ ಸೊರಗಿದ್ದರೆ ಕಾಯಿಲ್ ಬದಲಿಸುವ ಮೊದಲು ಚೌಕಟ್ಟಿಗೆ ಸೇರುವ ಅರ್ಥ್ ವೈರಿನ ತುಕ್ಕು ಉಜ್ಜಿ, ಪ್ಲಗ್ ಕ್ಯಾಪನ್ನು ಬದಲಿಸಿ ನೋಡಿ.

ಎಂಜಿನ್ನಿಗಿಂತ ಮೊದಲು ಬ್ರೇಕು

ಎಂಜಿನ್ ಶುರುವಾದ ಮೇಲೆ ಯಾರಿಗೂ ತಾಳ್ಮೆ ಉಳಿಯುವುದಿಲ್ಲ, ಒಂದು ಸುತ್ತು ಹೊರಟೇಬಿಡುತ್ತಾರೆ. ಹಾಗಾಗಿ ಬ್ರೇಕು ಮತ್ತು ಟೈರುಗಳ ಕೆಲಸವನ್ನು ಅದಕ್ಕೂ ಮೊದಲು ಮುಗಿಸಿಡಬೇಕು. ಎರಡೂ ಚಕ್ರಗಳನ್ನು ತೆಗೆದು ಡ್ರಮ್ಮಿನ ತುಕ್ಕನ್ನು ಪಾಲಿಶ್ ಕಾಗದದಿಂದ ಉಜ್ಜಿ, ಬ್ರೇಕ್ ಕ್ಯಾಮನ್ನು ಬಿಚ್ಚಿ ಗ್ರೀಸ್ ಹಚ್ಚಬೇಕು. ಹಳೆಯ ಲೈನಿಂಗ್ ಗಟ್ಟಿಯಿರುವಂತೆ ಕಂಡರೂ ಅಂಟು ಬಿಟ್ಟು ಶೂನಿಂದ ಕಳಚಿಕೊಂಡು ಚಕ್ರವನ್ನೇ ಹಿಡಿದುಬಿಡಬಹುದು, ಬದಲಿಸಿ. ಒಳಗಿನ ಧೂಳನ್ನು ಬಾಯಿಯಿಂದ ಊದಬಾರದು; ಆ ಕಾಲದ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಟೈರಿನ ಹೂವು ಆಳವಾಗಿದೆಯೆಂದು ಮೋಸ ಹೋಗಬಾರದು. ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ: 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದದ್ದು. ಅಂತಹ ಟೈರಿನ ಮೇಲೆ ನಾನಂತೂ ಮಳೆಗಾಲದಲ್ಲಿ ಕೂರಲಾರೆ. ಟೈರಿನೊಂದಿಗೆ ಟ್ಯೂಬನ್ನೂ ರಿಮ್ಮಿನ ಪಟ್ಟಿಯನ್ನೂ ಬದಲಿಸಿ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಕೇಬಲ್ಲುಗಳಿಗೆ ಎಣ್ಣೆ ಇಳಿಸುವುದಕ್ಕಿಂತ ಹೊಸವನ್ನು ಹಾಕುವುದೇ ಸರಿ. ಚೈನನ್ನು ಡೀಸೆಲ್ಲಿನಲ್ಲಿ ನೆನೆಸಿ ನೋಡಿ, ಕೊಂಡಿಗಳು ಬಿಗಿದುಕೊಂಡೇ ಇದ್ದರೆ ಬದಲಿಸಿ.

ಮೊದಲ ಸದ್ದು

ಶುದ್ಧಗೊಳಿಸಿದ ಟ್ಯಾಂಕನ್ನು ಇನ್ನೂ ಕೂಡಿಸಬೇಡಿ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬಳಸುವ ಒಂದು ಸರಳ ಉಪಾಯವೆಂದರೆ ಖಾಲಿ ಸಲೈನ್ ಬಾಟಲಿ: ಅದರಲ್ಲಿ ಕಾಲು ಲೀಟರ್ ಹೊಸ ಪೆಟ್ರೋಲ್ ತುಂಬಿ, ಹ್ಯಾಂಡಲ್ಲಿಗೆ ತೂಗುಹಾಕಿ, ನಳಿಕೆಯನ್ನು ಕಾರ್ಬ್ಯುರೇಟರಿಗೆ ಸೇರಿಸುವುದು. ಕಾರ್ಬ್ಯುರೇಟರ್ ತುಂಬಿ ಹರಿಯುತ್ತಿದ್ದರೆ ನಳಿಕೆಯ ಗುಂಡಿಯನ್ನು ಉರುಳಿಸಿ ಕ್ಷಣದಲ್ಲಿ ನಿಲ್ಲಿಸಬಹುದು. ಆ ಪ್ಲಾಸ್ಟಿಕ್ಕು ಪೆಟ್ರೋಲಿಗೆಂದು ಮಾಡಿದ್ದಲ್ಲ. ಹತ್ತು ನಿಮಿಷದ ಪರೀಕ್ಷೆಗೆ ಮಾತ್ರ ಬಳಸಿ ತೆಗೆದುಬಿಡಬೇಕು. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವ ಯೆಜ್ದಿಯಂತಹ ಗಾಡಿಯಾದರೆ ಬಾಟಲಿಯ ಪೆಟ್ರೋಲಿಗೂ ಲೀಟರಿಗೆ 40 ಮಿಲಿ ಲೆಕ್ಕದಲ್ಲಿ ಎಣ್ಣೆ ಸೇರಿಸಿರಬೇಕು. ಪಡಸಾಲೆಯಲ್ಲಿ ಅಲ್ಲ, ಬಯಲಿನಲ್ಲಿ ಶುರು ಮಾಡಿ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಇಗ್ನಿಷನ್ ಬಂದ್ ಇಟ್ಟು, ಪ್ಲಗ್ ಹಾಕದೆ ಹತ್ತು ಹದಿನೈದು ಬಾರಿ ಹಗುರವಾಗಿ ಕಿಕ್ ಒತ್ತಿದರೆ ಒಳಗೆ ಬಿಟ್ಟಿದ್ದ ಎಣ್ಣೆ ಹೊರಚೆಲ್ಲುತ್ತದೆ. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು ಕಿಕ್ ಹೊಡೆಯಿರಿ. ಉಳಿದ ಎಣ್ಣೆ ಉರಿಯುವುದರಿಂದ ಮೊದಲ ಕೆಲವು ನಿಮಿಷ ಓಣಿಯೆಲ್ಲ ಹೊಗೆಯಾಗುತ್ತದೆ, ನೆರೆಯವರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಎಂಜಿನ್ನಿನ ವೇಗ ತಾನೇ ಏರತೊಡಗಿ ಕೀಲಿ ತಿರುಗಿಸಿದರೂ ನಿಲ್ಲದಿದ್ದರೆ ಗಾಬರಿಯಾಗದೆ ನಳಿಕೆಯನ್ನು ಮುಚ್ಚಿ, ಬ್ರೇಕ್ ಬಲವಾಗಿ ಒತ್ತಿ, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಅದು ನಿಲ್ಲುತ್ತದೆ. ಗೇರಿಗೆ ಹಾಕಿದೊಡನೆ ಕ್ಲಚ್ ಹಿಡಿದಿದ್ದರೂ ಗಾಡಿ ಮುಂದೆ ಜಿಗಿದರೆ ಕ್ಲಚ್ ಪ್ಲೇಟುಗಳು ಅಂಟಿಕೊಂಡಿವೆಯೆಂದು ಅರ್ಥ. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಕ್ಲಚ್ ಹಿಡಿದು, ಗೇರಿನಲ್ಲಿ ಹಿಂದೆ ಮುಂದೆ ಅಲುಗಿಸಿದರೆ ಸಾಮಾನ್ಯವಾಗಿ ಬಿಡುತ್ತವೆ.

ಮೊದಲ ವಾರ ಓಣಿಯೊಳಗಿನ ಸುತ್ತುಗಳಷ್ಟೇ ಸಾಕು. ಐದು ಕಿಲೋಮೀಟರ್ ಓಡಿಸಿ, ತಣ್ಣಗಾಗಲು ಬಿಟ್ಟು, ಸೋರುವಿಕೆ ನೋಡಿ. ಹುಬ್ಬಳ್ಳಿಯವರು ಆಮೇಲೆ ಉಣಕಲ್ ಕೆರೆಯವರೆಗೆ ಬೆಳಗಿನ ಹೊತ್ತು ಹೋಗಿ ಬರಬಹುದು. ಧಾರವಾಡದ ಸುಮಾರು 20 ಕಿಲೋಮೀಟರಿನ ದಾರಿಯನ್ನು ಎರಡನೆಯ ವಾರಕ್ಕೆ ಇಟ್ಟುಕೊಳ್ಳಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದರಿಂದ ಹೋಗುವಾಗ ಎಂಜಿನ್ ಬರುವಾಗಿನದಕ್ಕಿಂತ ಹೆಚ್ಚು ಕಾಯುತ್ತದೆ. ಅಲ್ಲಿ ತಲುಪಿ ಪ್ಲಗ್ ಬಿಚ್ಚಿದಾಗ ತುದಿ ಗೋಧಿ ಬಣ್ಣಕ್ಕಿದ್ದರೆ ಮಿಶ್ರಣ ಸರಿಯಿದೆ. ಕಾಡಿಗೆಯಂತಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬಿಳಿಯಾಗಿದ್ದರೆ ಗಾಳಿ ಹೆಚ್ಚಾಗಿದೆ, ಅದೇ ಸ್ಥಿತಿಯಲ್ಲಿ ವಾಪಸು ಓಡಿಸದೆ ಪೈಲಟ್ ಜೆಟ್ಟನ್ನೂ ಎರಡು ಸ್ಟ್ರೋಕಿನದಾದರೆ ಸೀಲುಗಳನ್ನೂ ನೋಡಿಸಬೇಕು. ನೂರು ಕಿಲೋಮೀಟರ್ ತುಂಬಿದಾಗ ಕಾರ್ಬ್ಯುರೇಟರಿನ ಬಟ್ಟಲನ್ನು ಮತ್ತೊಮ್ಮೆ ತೆಗೆಯಿರಿ. ಟ್ಯಾಂಕಿನಲ್ಲಿ ಉಳಿದಿದ್ದ ತುಕ್ಕಿನ ಪುಡಿ ಅಷ್ಟರೊಳಗೆ ಅಲ್ಲಿಗೆ ಬಂದು ಕೂತಿರುತ್ತದೆ. ಅದನ್ನು ಒರೆಸಿ, ಕಡ್ಡಿ, ಚೈನು, ಎಂಜಿನ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿದ ಮೇಲೆ, ಬೇಕಿದ್ದರೆ ಬಣ್ಣದ ಅಂಗಡಿಗೆ ಹೋಗಬಹುದು.